ಅಂಟಿಸದ ಲಕೋಟೆ

ಹೊರಡುವ ಮುನ್ನ

ಕೇಳದೆ ಬಂದ ಉಡುಗೊರೆಯನ್ನು ಮೊದಲು ಮೂಗಿನ ಹತ್ತಿರ ಹಿಡಿದು ನೋಡುವವಳು ನಾನು. ಹಾಗಾಗಿ ಹನ್ನೊಂದು ವರ್ಷ ಸುದ್ದಿಯೇ ಇಲ್ಲದ ಶಿಷ್ಯೆಯೊಬ್ಬಳು ಕತಾರಿನಿಂದ ವಿಮಾನದ ಟಿಕೆಟ್ ಕಳಿಸಿದಾಗ ನನಗೆ ಸಂತೋಷವೇನೂ ಆಗಲಿಲ್ಲ. "ಟೀಚರ್, ಒಂದು ವಾರ ಬನ್ನಿ. ನಿಮ್ಮಿಂದ ಒಂದು ಕೆಲಸ ಆಗ್ಬೇಕಿತ್ತು. ಬಂದ ಮೇಲೆ ಹೇಳ್ತೇನೆ" ಎಂದು ರಮ್ಲಾ ಬರೆದಿದ್ದಳು. ಬಂದ ಮೇಲೆ ಹೇಳುವಂಥ ಕೆಲಸ ಯಾವುದು? ಫೋನಿನಲ್ಲಿ ಹೇಳಲಾಗದ್ದು ಒಳ್ಳೆಯದಂತೂ ಇರಲಿಕ್ಕಿಲ್ಲ.

ನಾನು ಮಂಗಳೂರಿನ ಕಾಲೇಜೊಂದರಲ್ಲಿ ಮೂವತ್ತೆರಡು ವರ್ಷ ಲ್ಯಾಟಿನ್ ಮತ್ತು ಪ್ರಾಚೀನ ಗ್ರೀಕ್ ಕಲಿಸಿ ನಿವೃತ್ತಳಾದವಳು. ಇಂಥ ಕಸುಬು ಇದೆಯೆಂದೇ ನಮ್ಮ ಬೀದಿಯವರು ನಂಬುವುದಿಲ್ಲ. ನನಗೆ ಅದನ್ನು ಹಚ್ಚಿದವರು ಅಮ್ಮನ ತಮ್ಮ, ಪಾದ್ರಿಯಾಗಿದ್ದ ನಮ್ಮ ಮಾಮ. ಪಾದ್ರಿಗಳನ್ನು ತಯಾರು ಮಾಡುವ ಸೆಮಿನರಿಯಲ್ಲಿ ಹೆಣ್ಣುಮಕ್ಕಳಿಗೆ ಜಾಗವಿರಲಿಲ್ಲ. ಮಾಮ ರಜೆಗೆ ಬಂದಾಗ ಅಡುಗೆಮನೆಯ ಮೇಜಿನ ಮೇಲೆ, ಅಮ್ಮ ಮೀನು ಕೊಯ್ಯುವ ಪಕ್ಕದಲ್ಲೇ, ನನಗೆ ಪಾಠ ಹೇಳಿದರು. ತೀರಿಕೊಳ್ಳುವಾಗ ತಮ್ಮ ಗ್ರೀಕ್ ವ್ಯಾಕರಣದ ಪುಸ್ತಕವನ್ನು ನನಗೆ ಬಿಟ್ಟುಹೋದರು. ಅದರ ಅಂಚಿನ ತುಂಬ ಪೆನ್ಸಿಲಿನಲ್ಲಿ ಅವರ ಕನ್ನಡ ಟಿಪ್ಪಣಿಗಳು.

ನಮ್ಮ ಕಸುಬಿನ ಮೊದಲ ಪಾಠವೇ ಅನುಮಾನ. ಎರಡು ಸಾವಿರ ವರ್ಷದ ಹಿಂದೆ ಬರೆದವನ ಕೈಬರಹ ನಮಗೆ ಸಿಗುವುದಿಲ್ಲ, ಪ್ರತಿಯ ಪ್ರತಿಯ ಪ್ರತಿ ಮಾತ್ರ ಸಿಗುತ್ತದೆ. ಪ್ರತಿ ಮಾಡಿದವರು ತೂಕಡಿಸಿರುತ್ತಾರೆ, ಅರ್ಥವಾಗದ ಕಡೆ ತಮಗೆ ತಿಳಿದಂತೆ ಸುಲಭ ಮಾಡಿರುತ್ತಾರೆ. ಅದಕ್ಕೇ ಎರಡು ಪ್ರತಿಗಳಲ್ಲಿ ಎರಡು ಪಾಠ, ಅಂದರೆ ಒಂದೇ ಸಾಲಿಗೆ ಎರಡು ರೂಪ, ಇದ್ದರೆ ಕಷ್ಟದ್ದನ್ನೇ ನಂಬು ಎಂಬ ನಿಯಮ ನಮ್ಮಲ್ಲಿದೆ. ಸುಲಭವಾದದ್ದು ಯಾರೋ ಒರೆಸಿ ತಿದ್ದಿದ್ದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮವರು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಮೂವತ್ತೆರಡು ವರ್ಷ ಇದನ್ನು ಕಲಿಸಿದ ಮೇಲೆ ಅದು ಪುಸ್ತಕದ ಹೊರಗೂ ಅಭ್ಯಾಸವಾಗಿಬಿಟ್ಟಿತು. ತರಕಾರಿ ಅಂಗಡಿಯವನು ನಕ್ಕರೂ ನಾನು ತಕ್ಕಡಿ ನೋಡುತ್ತೇನೆ.

ರಮ್ಲಾ ಫರಂಗಿಪೇಟೆಯ ಕಡೆಯವಳು. ಸಸ್ಯಶಾಸ್ತ್ರ ಓದುತ್ತಿದ್ದವಳು ಗಿಡಗಳ ಲ್ಯಾಟಿನ್ ಹೆಸರಿನ ಅರ್ಥ ಕೇಳಲು ನನ್ನ ಕೋಣೆಗೆ ಬಂದು, ಅಲ್ಲೇ ಉಳಿದು, ನಾಲ್ಕು ವರ್ಷದಲ್ಲಿ ಗ್ರೀಕನ್ನೂ ಮುಗಿಸಿದಳು. ನನ್ನ ನಂತರ ಇವಳೇ ಎಂದುಕೊಂಡಿದ್ದೆ. ಕೊನೆಯ ವರ್ಷ ಮಾಮನ ಪುಸ್ತಕವನ್ನು ಒಂದು ವಾರಕ್ಕೆಂದು ಅವಳಿಗೆ ಕೊಟ್ಟೆ. ಆ ವಾರವೇ ನನಗೆ ಕಾಮಾಲೆಯಾಗಿ ತಿಂಗಳು ಮಲಗಿದೆ. ಎದ್ದು ಕಾಲೇಜಿಗೆ ಹೋದಾಗ ಅವಳ ಪರೀಕ್ಷೆ ಮುಗಿದು ಊರಿಗೆ ಹೋಗಿದ್ದಳು. ನನ್ನ ಮೇಜಿನ ಮೇಲೆ ಪುಸ್ತಕ ಇರಲಿಲ್ಲ. ಆಮೇಲೆ ಅವಳು ಎರಡು ಸಲ ಫೋನ್ ಮಾಡಿದರೂ ಪುಸ್ತಕದ ಮಾತೇ ಎತ್ತಲಿಲ್ಲ. ನಾನೂ ಕೇಳಲಿಲ್ಲ. ಕೇಳಿದರೆ ಸುಳ್ಳು ಹೇಳುತ್ತಾಳೆ, ಅದನ್ನು ಕೇಳಿಸಿಕೊಳ್ಳುವುದು ಇನ್ನೂ ಕಷ್ಟ ಎಂದು ಹಟ ಹಿಡಿದು ಕೂತೆ.

ಅದೇ ಹೊತ್ತಿಗೆ ಹೊರದೇಶದ ವಿಶ್ವವಿದ್ಯಾಲಯವೊಂದು ಅವಳ ಬಗ್ಗೆ ನನ್ನಿಂದ ಶಿಫಾರಸು ಪತ್ರ ಕೇಳಿತು. ಇಂಥ ಪತ್ರವನ್ನು ಲಕೋಟೆಯಲ್ಲಿ ಹಾಕಿ, ಅಂಟಿಸಿ, ಅಂಟಿಸಿದ ಜಾಗದ ಮೇಲೆ ಅಡ್ಡಲಾಗಿ ಸಹಿ ಹಾಕಬೇಕು. ಯಾರ ಬಗ್ಗೆ ಬರೆದಿದೆಯೋ ಅವರು ಓದುವಂತಿಲ್ಲ. ನಾನು ಒಂದು ಪುಟ ಹೊಗಳಿ, ಕೊನೆಗೆ ಎರಡು ಸಾಲು ಸೇರಿಸಿದೆ: "ಇವಳ ಬುದ್ಧಿಯ ಬಗ್ಗೆ ಸಂಶಯವಿಲ್ಲ. ನಂಬಿಕೆಗೆ ಅರ್ಹಳೇ ಎಂಬ ಬಗ್ಗೆ ಏನನ್ನೂ ಹೇಳಲಾರೆ." ಅವಳಿಗೆ ಸೀಟು ಸಿಗಲಿಲ್ಲ. ಅದೇ ವರ್ಷ ಮದುವೆಯಾಗಿ ದೋಹಾಕ್ಕೆ ಹೋದಳು.

ಆ ಎರಡು ಸಾಲು ಅವಳಿಗೆ ಗೊತ್ತಾಗಿದೆಯೇ? ಟಿಕೆಟ್ ಕೈಗೆ ಬಂದ ದಿನದಿಂದ ನನ್ನನ್ನು ಕೊರೆದದ್ದು ಇದೊಂದೇ ಪ್ರಶ್ನೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ. ಆದರೂ ಹೊರಟೆ. ಅವಳ ಮನೆಯಲ್ಲಿ ಮಾಮನ ಪುಸ್ತಕ ಇದ್ದೇ ಇರುತ್ತದೆ, ಅದನ್ನು ತೆಗೆದುಕೊಂಡೇ ಬರುತ್ತೇನೆ ಎಂದು.

ವಿಮಾನ ನಿಲ್ದಾಣ

ರಮ್ಲಾಳ ಅಣ್ಣ ಅವಳಿಗೆ ಕೊಡಲೆಂದು ಒಂದು ಕಟ್ಟು ತಂದುಕೊಟ್ಟಿದ್ದ. ಬೇರೆಯವರ ಕಟ್ಟನ್ನು ಬಿಚ್ಚಿ ನೋಡದೆ ಪೆಟ್ಟಿಗೆಗೆ ಹಾಕಲು ನನಗೇನು ಹುಚ್ಚೇ? ಹಪ್ಪಳದ ಪೊಟ್ಟಣ ಬಿಚ್ಚಿ ಎಣಿಸಿದೆ, ಮೆಣಸಿನ ಪುಡಿಗೆ ಚಮಚ ಹಾಕಿ ಕೆದಕಿದೆ, ಬಿಗಿಯಾಗಿ ಅರಗು ಹಾಕಿದ್ದ ಮಿಡಿ ಉಪ್ಪಿನಕಾಯಿ ಬಾಟಲಿಯನ್ನೂ ತೆರೆದು ಬೆರಳಿಟ್ಟು ನೋಡಿದೆ. ಅದು ಉಪ್ಪಿನಕಾಯಿಯೇ ಆಗಿತ್ತು. ದೋಹಾದಲ್ಲಿ ಪೆಟ್ಟಿಗೆ ಬಂದಾಗ ಅದರ ಒಂದು ಮೂಲೆ ಕೆಂಪಾಗಿತ್ತು. ನನ್ನ ಎರಡು ಸೀರೆ, ಒಂದು ಸ್ವೆಟರ್ ವಾರವಿಡೀ ಮಿಡಿಯ ವಾಸನೆ ಬೀರಿದವು. ಬಿಚ್ಚದಿದ್ದರೆ ಏನೂ ಆಗುತ್ತಿರಲಿಲ್ಲ ಎಂದು ಒಪ್ಪಿಕೊಳ್ಳಲು ನನಗೆ ಆಗ ಮನಸ್ಸಿರಲಿಲ್ಲ.

ಪಾಸ್‌ಪೋರ್ಟ್ ನೋಡುವ ಅಧಿಕಾರಿ ಬಿಳಿ ಉಡುಪಿನ ತರುಣ. ಒಂದೂ ಪ್ರಶ್ನೆ ಕೇಳದೆ ಮುದ್ರೆ ಹಾಕಿ ಕಳಿಸಿದ. ನಮ್ಮೂರಿನಲ್ಲಿ ರೇಷನ್ ಕಾರ್ಡ್ ತೋರಿಸಿದರೂ ನಾಲ್ಕು ಪ್ರಶ್ನೆ ಕೇಳುತ್ತಾರೆ. ಇಷ್ಟು ಸಲೀಸಾಗಿ ಒಳಗೆ ಬಿಡುವವರು ಹೊರಗೆ ಬಿಡುವಾಗ ಹೇಗೋ ಎಂದುಕೊಂಡೇ ನಡೆದೆ.

ಹೊರಗೆ ರಮ್ಲಾ ನಿಂತಿದ್ದಳು. ಸ್ವಲ್ಪ ದಪ್ಪಗಾಗಿದ್ದಾಳೆ, ಕನ್ನಡಕ ಬಂದಿದೆ, ನಗು ಮಾತ್ರ ಅದೇ. ಎರಡೂ ಕೈಯಲ್ಲಿ ನನ್ನ ಕೈ ಹಿಡಿದಳು.

"ಎಂಥ ಟೀಚರ್ ಇಷ್ಟು ಸಪೂರ ಆಗಿದ್ದೀರಿ? ಊಟ ಮಾಡುದಿಲ್ವಾ?"

"ನಿನ್ನ ಉಪ್ಪಿನಕಾಯಿ ಚೆಲ್ಲಿದೆ" ಎಂದೆ. ಹನ್ನೊಂದು ವರ್ಷದ ಮೇಲೆ ನಾನು ಅವಳಿಗೆ ಹೇಳಿದ ಮೊದಲ ಮಾತು ಅದು.

ದಾರಿಯಲ್ಲಿ ಅವಳು ಒಂದು ಚಾ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಹಾರ್ನ್ ಹೊಡೆದಳು. ಇಳಿಯಲಿಲ್ಲ. ಅಂಗಡಿಯ ಮನುಷ್ಯನೇ ಓಡಿ ಬಂದು ಕಿಟಕಿಯಲ್ಲಿ ಎರಡು ಲೋಟ ಕೊಟ್ಟುಹೋದ. ಏಲಕ್ಕಿ ಹಾಕಿ ಗಟ್ಟಿಯಾಗಿ ಕುದಿಸಿದ ಚಾ, ಇಲ್ಲಿ ಅದಕ್ಕೆ ಕರಕ್ ಎನ್ನುತ್ತಾರೆ. ಸುತ್ತ ಹತ್ತು ಕಾರುಗಳಲ್ಲಿ ಹತ್ತು ಸಂಸಾರ ಕಿಟಕಿ ಮುಚ್ಚಿಕೊಂಡು ಚಾ ಕುಡಿಯುತ್ತಿದ್ದವು. ನಮ್ಮಲ್ಲಿ ಹೀಗೆ ಹಾರ್ನ್ ಹೊಡೆದರೆ ಹೋಟೆಲಿನವನು ಚಾ ತರುವುದಿಲ್ಲ, ಜಗಳಕ್ಕೆ ಬರುತ್ತಾನೆ.

"ಕೆಲಸ ಅಂದಿಯಲ್ಲ, ಎಂತದು?" ಎಂದು ಕೇಳಿದೆ.

"ಯಲ್ಲಾ, ನಡೀರಿ, ಮೊದಲು ಮನೆಗೆ ಹೋಗುವ ಟೀಚರ್. ಅದಕ್ಕೆಂತ ಅರ್ಜೆಂಟ್?" ಎಂದು ಗಾಡಿ ತಿರುಗಿಸಿದಳು. ಜಾರಿಕೊಂಡಳು ಎಂದು ಮನಸ್ಸಿನಲ್ಲಿ ಬರೆದಿಟ್ಟೆ.

ಬಿನ್ ಮಹಮೂದ್

ಅವಳ ಮನೆ ಬಿನ್ ಮಹಮೂದ್ ಎಂಬ ಬಡಾವಣೆಯ ಹಳೆಯ ಮೂರಂತಸ್ತಿನ ಕಟ್ಟಡದಲ್ಲಿ. ಮೆಟ್ಟಿಲು ಹತ್ತುತ್ತ ಹೋದರೆ ಒಂದು ಬಾಗಿಲಿನಿಂದ ಸಾಂಬಾರಿನ ಒಗ್ಗರಣೆ, ಇನ್ನೊಂದರಿಂದ ಮೀನು ಹುರಿಯುವ ಪರಿಮಳ, ಮೂರನೆಯದರ ಮುಂದೆ ಎಂಟು ಜೊತೆ ಗಂಡಸರ ಚಪ್ಪಲಿ. ಗಂಡ ಅಶ್ರಫ್ ದುಖಾನ್ ಎಂಬ ಊರಿನ ಎಣ್ಣೆ ಬಾವಿಯಲ್ಲಿ ಕೆಲಸ ಮಾಡುತ್ತಾನೆ, ಅಲ್ಲಿಯೇ ಕಂಪನಿ ಮನೆಯಲ್ಲಿದ್ದು ವಾರಕ್ಕೊಮ್ಮೆ ಬರುತ್ತಾನೆ. ಮನೆಯಲ್ಲಿ ರಮ್ಲಾ, ಒಂಬತ್ತು ವರ್ಷದ ಮಗಳು ಹಿಬಾ, ಇಬ್ಬರೇ. ಹಿಬಾಳ ಕನ್ನಡ ಬಾಡಿಗೆಗೆ ತಂದ ಸೈಕಲಿನ ಹಾಗೆ, ಎರಡು ಸುತ್ತು ಹೋಗಿ ಇಂಗ್ಲಿಷಿಗೆ ಬೀಳುತ್ತದೆ.

"ಟೀಚರ್, ಯು ಆರ್ ದಿ ಸ್ಟ್ರಿಕ್ಟ್ ಒನ್ ಅಲ್ವಾ? ಮಮ್ಮಿ ಹೇಳಿದ್ದಾರೆ" ಎಂದಿತು ಮಗು.

ಮಮ್ಮಿ ಇನ್ನೇನು ಹೇಳಿದ್ದಾರೆ ಎಂದು ಕೇಳುವ ಆಸೆಯಾಯಿತು. ತಡೆದುಕೊಂಡೆ.

ನನಗೆ ಕೊಟ್ಟ ಕೋಣೆಯಲ್ಲಿ ಒಂದು ಪುಸ್ತಕದ ಕಪಾಟು ಇತ್ತು. ಅದಕ್ಕೆ ಹೂವಿನ ಬಟ್ಟೆಯ ಪರದೆ. ಮರಳಿನ ಧೂಳಿಗೆ ಎಂದಳು. ಎರಡು ದಿನ ಆ ಪರದೆಯನ್ನು ನೋಡುತ್ತ ಮಲಗಿದೆ. ಅತಿಥಿಯಾಗಿ ಬಂದವಳು ಪರದೆ ಸರಿಸಬಾರದು ಎನ್ನುವಷ್ಟು ಮರ್ಯಾದೆ ನನಗೂ ಇದೆ. ಅದು ಎರಡು ದಿನ ಮಾತ್ರ ಇತ್ತು ಎಂಬುದು ಬೇರೆ ಮಾತು.

ಈ ಊರಿನವರ ಒಂದು ಅಭ್ಯಾಸ ನನ್ನನ್ನು ಕಂಗೆಡಿಸಿತು. ರೊಟ್ಟಿ ಅಂಗಡಿಯ ಮುಂದೆ ಕಾರಿನ ಇಂಜಿನ್ ಓಡುತ್ತಿರುವಂತೆಯೇ, ಬಾಗಿಲಿಗೆ ಬೀಗ ಹಾಕದೆ, ಇಳಿದು ಹೋಗುತ್ತಾರೆ. ಉಪಾಹಾರ ಗೃಹದಲ್ಲಿ ಮೇಜಿನ ಮೇಲೆ ಫೋನನ್ನೂ ಚೀಲವನ್ನೂ ಇಟ್ಟು ಕೈ ತೊಳೆಯಲು ಹೋಗುತ್ತಾರೆ. "ಯಾರೂ ಮುಟ್ಟುದಿಲ್ಲ ಟೀಚರ್" ಎಂದಳು ರಮ್ಲಾ. ನಾನು ಪರ್ಸಿನ ದಾರವನ್ನು ಕುತ್ತಿಗೆಗೆ ಹಾಕಿ ಸೆರಗಿನೊಳಗೆ ಬಿಟ್ಟುಕೊಂಡಿದ್ದೆ. ಕೊನೆಗೆ ಮಲಯಾಳಿಗಳ ಅಂಗಡಿಯಲ್ಲಿ ಕುಚ್ಚಲಕ್ಕಿ ನೋಡುವ ಭರದಲ್ಲಿ ಅದೇ ಪರ್ಸನ್ನು ಕುತ್ತಿಗೆಯಿಂದ ತೆಗೆದು ತಳ್ಳುಗಾಡಿಯಲ್ಲಿಟ್ಟು ಮರೆತುಬಂದೆ. ಅರ್ಧ ಗಂಟೆಯ ಮೇಲೆ ಓಡಿಹೋದರೆ ಅದು ಗಾಡಿಯಲ್ಲೇ ಇತ್ತು, ಯಾರೋ ಅದು ಬೀಳದ ಹಾಗೆ ಮೇಲೊಂದು ಈರುಳ್ಳಿ ಚೀಲ ಇಟ್ಟಿದ್ದರು. ನಾನು ಒಳಗಿದ್ದ ಕಾಗದಗಳನ್ನೆಲ್ಲ ಒಂದೊಂದಾಗಿ ನೋಡಿದೆ. ರಮ್ಲಾ ಆ ಕಡೆ ತಿರುಗಿ ನಿಂತಿದ್ದಳು, ನಗುತ್ತಿದ್ದಳೆಂದು ಕಾಣುತ್ತದೆ.

ಅಲ್ ವುಕೈರ್

ಮಂಗಳವಾರ ಸಂಜೆ "ಬನ್ನಿ ಟೀಚರ್, ನಿಮಗೊಂದು ತೋರಿಸ್ಲಿಕ್ಕುಂಟು" ಎಂದು ಅಲ್ ವುಕೈರಿಗೆ ಕರೆದುಕೊಂಡು ಹೋದಳು. ಹೊಸ ಹೊಸ ಕಟ್ಟಡಗಳು ಏಳುತ್ತಿರುವ ಬಡಾವಣೆ. ಅವಳ ಗೆಳತಿಯ ಮನೆಯ ಊಟದ ಮೇಜಿನ ಸುತ್ತ ಮೂವರು ಹೆಂಗಸರು ನೋಟುಪುಸ್ತಕ ಹಿಡಿದು ಕೂತಿದ್ದರು. ಇಬ್ಬರು ನರ್ಸ್‌ಗಳು, ಒಬ್ಬಳು ಆಫೀಸು ಕೆಲಸದ ಮೈಸೂರಿನ ಹುಡುಗಿ. ರಮ್ಲಾ ಅವರಿಗೆ ಗ್ರೀಕ್ ಕಲಿಸುತ್ತಿದ್ದಳು. ವಾರಕ್ಕೊಮ್ಮೆ, ಎರಡು ವರ್ಷದಿಂದ.

ನಾನು ಹಿಂದಿನ ಕುರ್ಚಿಯಲ್ಲಿ ಕೂತೆ. ಅವಳು ಹಲಗೆಯ ಮೇಲೆ ಒಂದು ಬಾಳೆ ಎಲೆ ಬರೆದಳು. ನನ್ನ ಬೆನ್ನು ನೆಟ್ಟಗಾಯಿತು.

"ವಿಭಕ್ತಿ ಅಂದ್ರೆ ಹೆದರ್ಬೇಡಿ. ಮದುವೆ ಊಟದ ಎಲೆ ನೆನಪು ಮಾಡಿ. ಪ್ರಥಮಾ ಅಂದ್ರೆ ಅನ್ನ, ನಡುವಲ್ಲಿ. ಷಷ್ಠಿ ಉಪ್ಪಿನಕಾಯಿ, ಯಾವುದಕ್ಕಾದರೂ ತಾಗಿಕೊಂಡೇ ಇರ್ಬೇಕು, ಒಂದೇ ತಿನ್ಲಿಕ್ಕಾಗುದಿಲ್ಲ. ಚತುರ್ಥಿ ಬಡಿಸುವವನ ಕೈ, ಯಾರಿಗೆ ಅಂತ ಕೇಳ್ತದೆ. ಸಂಬೋಧನೆ ಹಪ್ಪಳ. ಸದ್ದು ಮಾಡ್ತದೆ, ಆಮೇಲೆ ಮುಗೀತು, ಖಲಾಸ್."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅದು ಮಾಮನ ಎಲೆ. ಪುಸ್ತಕದ ಮೊದಲ ಪುಟಗಳ ಅಂಚಿನಲ್ಲಿ, ಅವರ ಓರೆಯಾದ ಅಕ್ಷರದಲ್ಲಿ ಬರೆದದ್ದು. ನಾನು ತರಗತಿಯಲ್ಲಿ ಒಮ್ಮೆಯೂ ಹೇಳಿದವಳಲ್ಲ, ಅದು ನನ್ನ ಮನೆಯ ಸೊತ್ತು ಎಂದು ಇಟ್ಟುಕೊಂಡಿದ್ದೆ. ಪುಸ್ತಕ ಎದುರಿಗಿಲ್ಲದೆ ಹನ್ನೊಂದು ವರ್ಷದ ಮೇಲೆ ಎಲೆಯ ಒಂದೊಂದು ಮೂಲೆ ಯಾರಿಗೆ ನೆನಪಿರುತ್ತದೆ? ಅವಳು ಚೆನ್ನಾಗಿ ಕಲಿಸುತ್ತಿದ್ದಳು. ನನಗಿಂತ ಚೆನ್ನಾಗಿ. ಅದು ಇನ್ನಷ್ಟು ಸಿಟ್ಟು ತರಿಸಿತು.

ಮರುದಿನ ಬೆಳಿಗ್ಗೆ ಅವಳು ಮಗಳನ್ನು ಶಾಲೆಗೆ ಬಿಡಲು ಹೋದೊಡನೆ ನಾನು ಪರದೆ ಸರಿಸಿದೆ. ಎರಡನೆಯ ಸಾಲಿನಲ್ಲಿ, ನೀಲಿ ರಟ್ಟು ಹಾಕಿ ಹೊಲಿಸಿದ ದಪ್ಪ ಪುಸ್ತಕ. ತೆರೆದರೆ ಮಾಮನ ಅಕ್ಷರ. ಆದರೆ ಮೂಲ ಪುಸ್ತಕವಲ್ಲ. ಜೆರಾಕ್ಸ್. ಮೊದಲಿನಿಂದ ಕೊನೆಯವರೆಗೆ, ಅಂಚಿನ ಟಿಪ್ಪಣಿ ಸಮೇತ.

ಇದರ ಅರ್ಥವೇನು? ಸುಲಭದ ಅರ್ಥ, ಹಿಂದಿರುಗಿಸುವ ಮೊದಲು ಪ್ರತಿ ಮಾಡಿಸಿಕೊಂಡಿದ್ದಾಳೆ ಎಂಬುದು. ಆದರೆ ಹಿಂದಿರುಗಿಸಲೇ ಇಲ್ಲವಲ್ಲ! ಹಾಗಾದರೆ ಪ್ರತಿ ಇಟ್ಟುಕೊಂಡು ಮೂಲವನ್ನು ಮಾರಿರಬೇಕು. ಹಳೆಯ ಪುಸ್ತಕ ಕೊಳ್ಳುವವರು ಎಲ್ಲ ಊರಿನಲ್ಲೂ ಇದ್ದಾರೆ. ಸತ್ತ ಪಾದ್ರಿಯೊಬ್ಬರ ಪೆನ್ಸಿಲ್ ಟಿಪ್ಪಣಿಯನ್ನು ಯಾರು ಕೊಳ್ಳುತ್ತಾರೆ ಎಂಬ ಪ್ರಶ್ನೆ ನನಗೆ ಹೊಳೆಯಲಿಲ್ಲ. ಕಷ್ಟದ ಪಾಠವೇ ನಿಜವಾದ ಪಾಠ ಎಂದು ಪರದೆ ಎಳೆದೆ.

ದುಖಾನ್ ದಾರಿ

ಅಶ್ರಫನಿಗೆ ಆ ವಾರ ಡ್ಯೂಟಿ ಇದ್ದುದರಿಂದ ಶುಕ್ರವಾರ ನಾವೇ ದುಖಾನಿಗೆ ಹೊರಟೆವು. ಶುಕ್ರವಾರ ಇಲ್ಲಿ ನಮ್ಮ ಭಾನುವಾರ. ಊರು ದಾಟಿದರೆ ದಾರಿಗೆ ಕೊನೆಯೇ ಇಲ್ಲ. ಎರಡೂ ಕಡೆ ಬೂದು ನೆಲ, ಅಲ್ಲಲ್ಲಿ ಕೊಳವೆಗಳು, ಬೇಲಿಯಾಚೆ ನಾಲ್ಕು ಒಂಟೆ. ನಮ್ಮ ಕಡೆ ಹತ್ತು ನಿಮಿಷ ಹೋದರೆ ಒಂದು ತಿರುವು, ಹಳ್ಳಕ್ಕೊಂದು ಸಂಕ, ಒಂದು ಗೂಡಂಗಡಿ. ಇಲ್ಲಿ ಕಣ್ಣಿಗೆ ಒರಗಲು ಏನೂ ಇಲ್ಲ. ಹಿಬಾ ಹಿಂದಿನ ಸೀಟಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಿದ್ದೆ ಹೋಗಿದ್ದಳು. ಇನ್ನು ತಡೆಯಲಾಗಲಿಲ್ಲ.

"ರಮ್ಲಾ, ಮಾಮನ ಪುಸ್ತಕ ಎಲ್ಲಿ?"

ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಯಾವುದು, ಗ್ರಾಮರ್ ಬುಕ್ಕಾ? ಅದು ನಿಮ್ಮ ಹತ್ರವೇ ಉಂಟಲ್ಲ ಟೀಚರ್?"

"ನನ್ನ ಹತ್ತಿರ ಇಲ್ಲ."

"ಹೌದಾ? ನಾನು ಲೈಬ್ರರಿಯಲ್ಲಿ ಕೊಟ್ಟು ಬಂದದ್ದಲ್ವಾ? ನಿಮಗೆ ಜಾಂಡೀಸ್ ಆಗಿತ್ತು. ನಿಮ್ಮ ರೂಮಿಗೆ ಬೀಗ. ಕೌಂಟರಿನಲ್ಲಿ ಕೊಟ್ಟು, ಒಳಗೆ ಚೀಟಿ ಬೇರೆ ಇಟ್ಟಿದ್ದೆ. ನಿಮಗೆ ಸಿಗ್ಲಿಲ್ವಾ?"

ಮಾತು ನೇರವಾಗಿತ್ತು, ಸರಾಗವಾಗಿತ್ತು. ಅಷ್ಟು ಸರಾಗವಾದದ್ದನ್ನು ನಾನು ಜನ್ಮದಲ್ಲಿ ನಂಬಿದವಳಲ್ಲ. ಮೂವತ್ತೆರಡು ವರ್ಷ ಆ ಲೈಬ್ರರಿಯಲ್ಲಿ ಗ್ರೀಕ್ ಕಪಾಟಿನ ಮುಂದೆ ನಿಂತವಳು ನಾನೊಬ್ಬಳೇ, ಇದ್ದಿದ್ದರೆ ಕಾಣುತ್ತಿರಲಿಲ್ಲವೇ? ಕಾರಿನಲ್ಲೇ ಫೋನ್ ತೆಗೆದು ಈಗಿನ ಲೈಬ್ರರಿಯನ್ ಹರಿಣಾಕ್ಷಿಗೆ ಸಂದೇಶ ಬರೆದೆ. ಪುಸ್ತಕದ ಹೆಸರು, ಬಣ್ಣ, ಎಲ್ಲವನ್ನೂ. ರಮ್ಲಾ ಓರೆಗಣ್ಣಿನಿಂದ ನೋಡಿದಳು.

ದುಖಾನಿನ ಸಮುದ್ರ ನಮ್ಮ ಸಮುದ್ರದ ಹಾಗಲ್ಲ. ಅಲೆಯೇ ಇಲ್ಲ, ತಟ್ಟೆಯಲ್ಲಿ ಹೊಯ್ದ ನೀರಿನ ಹಾಗೆ ಸುಮ್ಮನೆ ಬಿದ್ದಿರುತ್ತದೆ. ಅಶ್ರಫ್ ಚಾಪೆ ಹಾಸಿ, ತೆಳ್ಳಗಿನ ಅಕ್ಕಿ ರೊಟ್ಟಿ ಪತ್ತಿರಿ, ಕೋಳಿ ಸಾರು ಬಡಿಸಿದ. ಒಳ್ಳೆಯ ಮಾತುಗಾರ.

"ಟೀಚರ್, ಒಂದು ಕೇಳ್ತೇನೆ ಬೇಜಾರು ಮಾಡ್ಬೇಡಿ. ಈ ಲ್ಯಾಟಿನ್, ಗ್ರೀಕ್ ಎಲ್ಲ ಮಾತಾಡುವವರು ಸತ್ತು ಹೋಗಿದ್ದಾರಲ್ಲ. ಇವಳು ಅಡುಗೆ ಮಾಡುವಾಗ ಅದನ್ನು ಯಾರ ಹತ್ರ ಮಾತಾಡುದು ಮಾರಾಯ್ರೆ?"

"ನಿಮ್ಮನ್ನು ಬೈಯ್ಯುವಾಗ ಉಪಯೋಗಕ್ಕೆ ಬರ್ತದೆ, ಗೊತ್ತಾಗುದಿಲ್ಲಲ್ಲ" ಎಂದಳು ರಮ್ಲಾ.

ನಗುವಿನ ನಡುವೆಯೇ ಅವಳು ಕೈ ತೊಳೆದು ಬಂದು ನನ್ನ ಎದುರು ಕೂತಳು. ಕೆಲಸ ಎಂದರೆ ಇದು: ದೋಹಾದ ಕಾಲೇಜೊಂದರಲ್ಲಿ ಆರಂಭದ ಲ್ಯಾಟಿನ್, ಗ್ರೀಕ್ ಹೇಳಿಕೊಡಲು ಸಹಾಯಕಿ ಬೇಕಾಗಿದ್ದಾಳೆ. ಇವಳು ಅರ್ಜಿ ಹಾಕಿದ್ದಾಳೆ. ಕಲಿಸಿದವರ ಶಿಫಾರಸು ಪತ್ರ ಬೇಕು, ಅಂಟಿಸಿದ ಲಕೋಟೆಯಲ್ಲಿ.

"ಫೋನಲ್ಲಿ ಕೇಳಿದ್ರೆ ನೀವು ಬರೀತಿದ್ರಿ. ಆದ್ರೆ ಹನ್ನೊಂದು ವರ್ಷ ಆಯ್ತಲ್ಲ ಟೀಚರ್. ನನಗೆ ಈಗ ಎಷ್ಟು ಬರ್ತದೆ ಅಂತ ನೋಡದೆ ಹೇಗೆ ಬರೆಯುದು? ನೀವು ನೋಡದೆ ನಂಬುವವರಲ್ಲ. ಅದಕ್ಕೇ ಕ್ಲಾಸಿಗೆ ಕರ್ಕೊಂಡು ಹೋದದ್ದು." ಚಾಪೆಯ ಮೇಲಿನ ಮರಳು ಕೊಡವಿ, "ಆವತ್ತು ನೀವು ಒಳ್ಳೇ ಪತ್ರ ಬರೆದು ಕೊಟ್ಟಿದ್ರಿ. ನನ್ನ ಹಣೆಬರಹ ಸರಿ ಇರ್ಲಿಲ್ಲ" ಎಂದಳು.

ನಾನು ಅವಳ ಮುಖವನ್ನೇ ನೋಡಿದೆ. ಗೊತ್ತಿದ್ದು ಚುಚ್ಚುತ್ತಿದ್ದಾಳೋ? ಅಥವಾ ಪತ್ರ ಬೇಕಾದದ್ದರಿಂದಲೇ ಪುಸ್ತಕದ ಬಗ್ಗೆ ಕಥೆ ಕಟ್ಟಿದಳೋ? "ನೋಡುವ" ಎಂದಷ್ಟೇ ಹೇಳಿದೆ. ಅವಳ ಮುಖ ಒಂದು ಕ್ಷಣ ಬಾಡಿತು, ಆಮೇಲೆ ನನ್ನ ತಟ್ಟೆಗೆ ಇನ್ನೊಂದು ಪತ್ತಿರಿ ಹಾಕಿದಳು.

ಮತ್ತೆ ಬಿನ್ ಮಹಮೂದ್

ಶನಿವಾರ ಬೆಳಿಗ್ಗೆ ಹರಿಣಾಕ್ಷಿಯ ಫೋಟೋ ಬಂತು. ಮೊದಲು ಪುಸ್ತಕದ ಬೆನ್ನು. ಆಮೇಲೆ ಒಳಪುಟ, ಅದರ ಮೇಲೆ ಕಾಲೇಜಿನ ನೇರಳೆ ಮುದ್ರೆ ಮತ್ತು ಒಂದು ದಾಖಲೆ ಸಂಖ್ಯೆ. ಕೌಂಟರಿನಲ್ಲಿ ಆಗ ಇದ್ದವರು ಪುಸ್ತಕ ಯಾರದು ಎಂದು ವಿಚಾರಿಸದೆ, ಯಾರೋ ದಾನ ಕೊಟ್ಟದ್ದೆಂದು ಕಾಲೇಜಿನ ಸೊತ್ತು ಮಾಡಿ, ಹಳೆಯ ಪುಸ್ತಕ ಎಂದು ಬೀಗದ ಬೀರುವಿಗೆ ಹಾಕಿಬಿಟ್ಟಿದ್ದಾರೆ. ಆ ಬೀರುವಿನ ಪಕ್ಕದಲ್ಲೇ ನಾನು ಹನ್ನೊಂದು ವರ್ಷ ಪತ್ರಿಕೆ ಓದುತ್ತಿದ್ದೆ.

ಮೂರನೆಯ ಫೋಟೋ ಚೀಟಿಯದು. "ಟೀಚರ್, ಪುಸ್ತಕ ಕೊಟ್ಟಿದ್ದೇನೆ. ನಿಮ್ಮನ್ನು ಕೇಳದೆ ಜೆರಾಕ್ಸ್ ಮಾಡಿಸಿಕೊಂಡೆ, ಬೈಯ್ಯಬೇಡಿ. ಹರಿದಿದ್ದ ಎರಡು ಹಾಳೆ ಅಂಟಿಸಿದ್ದೇನೆ. ಬೇಗ ಗುಣ ಆಗಿ. ರಮ್ಲಾ."

ಹಾಸಿಗೆಯ ಮೇಲೆ ಕೂತು ಅದನ್ನು ಎಷ್ಟು ಸಲ ಓದಿದೆನೋ ತಿಳಿಯದು. ಸುಳ್ಳಿರಬಹುದೇ ಎಂದು ನೋಡಲು ಅಲ್ಲಿ ಏನೂ ಇರಲಿಲ್ಲ. ಕಾಮಾಲೆಯಾದವರಿಗೆ ಲೋಕವೆಲ್ಲ ಹಳದಿ ಎನ್ನುತ್ತಾರೆ. ನನ್ನ ಮೈಯ ಹಳದಿ ತಿಂಗಳಿಗೆ ಇಳಿದಿತ್ತು, ಕಣ್ಣಿನದ್ದು ಹನ್ನೊಂದು ವರ್ಷ ಉಳಿದಿತ್ತು. ಓದಿನಲ್ಲಿ ಎಂದೂ ತಪ್ಪದ ನಿಯಮವನ್ನು ಹಿಡಿದು ಒಬ್ಬ ಹುಡುಗಿಯ ಬದುಕನ್ನು ತಪ್ಪಾಗಿ ಓದಿದ್ದೆ. ನಾಚಿಕೆಯಾಯಿತು. ಅಡುಗೆಮನೆಯಲ್ಲಿ ಅವಳು ನನ್ನ ಉಪ್ಪಿನಕಾಯಿ ಹತ್ತಿದ ಸೀರೆಯನ್ನು ಮೂರನೆಯ ಸಲ ಒಗೆಯುತ್ತಿದ್ದಳು.

ಅವಳನ್ನು ಕರೆದು ಹೇಳಬೇಕಿತ್ತು. ಧೈರ್ಯವಾಗಲಿಲ್ಲ. ಬದಲಿಗೆ ಕಾಗದ ತೆಗೆದುಕೊಂಡು ಪತ್ರ ಬರೆಯಲು ಕೂತೆ. ಮಧ್ಯಾಹ್ನದವರೆಗೆ ಬರೆದೆ. ನನಗಿಂತ ಚೆನ್ನಾಗಿ ಕಲಿಸುತ್ತಾಳೆ ಎಂದು ಬರೆದೆ. ಕೊನೆಗೆ, ಹನ್ನೊಂದು ವರ್ಷದ ಹಿಂದೆ ಇವಳು ನಂಬಿಕೆಗೆ ಅರ್ಹಳೇ ಎಂದು ನಾನು ಬರೆದ ಸಂಶಯದ ಮಾತು ಸುಳ್ಳು, ತಪ್ಪು ನನ್ನದು ಎಂದೂ ಸೇರಿಸಿದೆ. ಲಕೋಟೆಗೆ ಹಾಕಿ, ಅಂಟಿಸದೆ, ಊಟದ ಮೇಜಿನ ಮೇಲೆ ಅವಳ ಮುಂದೆ ಇಟ್ಟೆ. ಓದಿಕೊಳ್ಳಲಿ, ಬಾಯಲ್ಲಿ ಹೇಳುವುದು ತಪ್ಪುತ್ತದೆ ಎಂಬುದು ನನ್ನ ಲೆಕ್ಕಾಚಾರ.

ಅವಳು ಲಕೋಟೆ ಎತ್ತಿಕೊಂಡಳು. "ಅಯ್ಯೋ, ಅಂಟಿಸ್ಲಿಕ್ಕೆ ಮರ್ತಿದ್ದೀರಿ" ಎಂದು ಮಗಳ ಶಾಲೆಯ ಚೀಲದಿಂದ ಗೋಂದಿನ ಕಡ್ಡಿ ತಂದು, ಒಳಗೆ ಇಣುಕಿಯೂ ನೋಡದೆ, ನೀಟಾಗಿ ಅಂಟಿಸಿದಳು.

"ಓದಿದ್ರೂ ಅಡ್ಡಿಯಿಲ್ಲ" ಎಂದೆ.

"ಛೆ, ಅದೆಂಥ ಟೀಚರ್? ಕ್ಯಾಂಡಿಡೇಟ್ ಓದಿದ ಪತ್ರಕ್ಕೆ ಬೆಲೆ ಇಲ್ಲ ಅಂತ ನೀವೇ ಹೇಳಿಕೊಟ್ಟದ್ದು. ತೆಕ್ಕೊಳ್ಳಿ, ಇಲ್ಲಿ ಅಡ್ಡಕ್ಕೆ ಸೈನ್ ಹಾಕಿ."

ಪೆನ್ನು ಕೊಟ್ಟಳು. ನಾನು ಸಹಿ ಹಾಕಿದೆ.

ಮರಳಿ ವಿಮಾನ ನಿಲ್ದಾಣ

ಭಾನುವಾರ ಅವಳು ನನ್ನನ್ನು ಬಿಡಲು ಹೊರಟಾಗ ಅದೇ ಚಾ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಹಾರ್ನ್ ಹೊಡೆದಳು. ಲೋಟಗಳು ಬಂದವು. ಕಿಟಕಿ ಮುಚ್ಚಿತು. ಇನ್ನು ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ.

"ಆವತ್ತಿನ ಪತ್ರ ಒಳ್ಳೆಯದಾಗಿರಲಿಲ್ಲ, ರಮ್ಲಾ" ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಪುಸ್ತಕ, ಕಾಮಾಲೆ, ಬೀಗದ ಬೀರು. ಆ ಎರಡು ಸಾಲನ್ನು ಇದ್ದ ಹಾಗೆಯೇ ಹೇಳಿದೆ, ಮೃದು ಮಾಡಲಿಲ್ಲ. ಫೋಟೋಗಳನ್ನು ತೋರಿಸಿದೆ. ಅವಳು ತನ್ನದೇ ಚೀಟಿಯನ್ನು ದೊಡ್ಡದು ಮಾಡಿ ನೋಡಿದಳು.

ಅವಳ ಚಾದ ಮೇಲೆ ಕೆನೆ ಕಟ್ಟಿತು. ಹಿಂದಿನ ಕಾರಿನವನು ಜಾಗಕ್ಕಾಗಿ ಹಾರ್ನ್ ಹೊಡೆದ, ಅವಳಿಗೆ ಕೇಳಿಸಿದಂತೆ ಕಾಣಲಿಲ್ಲ.

"ನನಗೆ ಬುದ್ಧಿ ಸಾಲ್ಲಿಲ್ಲ ಅಂತ ತಿಳ್ಕೊಂಡಿದ್ದೆ ಟೀಚರ್" ಎಂದಳು ಕೊನೆಗೆ. "ಹನ್ನೊಂದು ವರ್ಷ. ಮದುವೆಗೆ ಹೂಂ ಅಂದದ್ದೂ ಅದಕ್ಕೇ. ಅಶ್ರಫ್ ಒಳ್ಳೆಯವ್ರು, ಅದು ಬೇರೆ. ಆದ್ರೆ ನಾನು ದಡ್ಡಿ ಅಂತಲೇ ನಾನು ಇಲ್ಲಿಗೆ ಬಂದದ್ದು."

ಕ್ಷಮಿಸು ಎಂದೆ. ಅದು ಎಷ್ಟು ಸಣ್ಣ ಮಾತು ಎಂದು ಹೇಳುವಾಗಲೇ ಗೊತ್ತಾಯಿತು. ಅವಳು ಗಾಡಿ ಶುರು ಮಾಡಿದಳು. ನಿಲ್ದಾಣದ ಬಾಗಿಲಲ್ಲಿ ಕಾರು ನಿಲ್ಲಿಸಿದಳು. ಪೆಟ್ಟಿಗೆ ಇಳಿಸಿ ಕೊಟ್ಟಳು. ಬಂದಾಗ ಹಿಡಿದ ಹಾಗೆ ಕೈ ಹಿಡಿಯಲಿಲ್ಲ.

"ಪುಸ್ತಕ ನನಗೆ ಕಳಿಸಿ ಕೊಡಿ. ಒರಿಜಿನಲ್. ಜೆರಾಕ್ಸಲ್ಲಿ ಪೆನ್ಸಿಲ್ ಸರಿ ಕಾಣುದಿಲ್ಲ" ಎಂದಳು. ಕಳಿಸುತ್ತೇನೆ ಎಂದೆ.

ಮಂಗಳೂರು

ಬಂದ ಮರುದಿನವೇ ಲೈಬ್ರರಿಗೆ ಹೋದೆ. ಹರಿಣಾಕ್ಷಿ ಪುಸ್ತಕವನ್ನು ಕೌಂಟರಿನ ಮೇಲೆ ಇಟ್ಟಳು, ಆದರೆ ಕೈ ತೆಗೆಯಲಿಲ್ಲ.

"ಟೀಚರ್, ಬೇಜಾರು ಮಾಡ್ಬೇಡಿ. ರಿಜಿಸ್ಟರಿನಲ್ಲಿ ಕಾಲೇಜಿನದ್ದು ಅಂತ ಉಂಟು. ಇದು ನಿಮ್ಮದು ಅಂತ ಗೊತ್ತಿದ್ದವರು ಯಾರಾದರೂ ಬರೆದು ಕೊಟ್ಟರೆ ಪ್ರಿನ್ಸಿಪಾಲರು ಬಿಡ್ತಾರೆ. ನೀವೇ ಬರೆದ್ರೆ ಆಗುದಿಲ್ಲ."

ಹಾಗೆ ಗೊತ್ತಿದ್ದವಳು ಒಬ್ಬಳೇ. ಅವಳಿಗೆ ವಿಷಯ ಬರೆದು ಕಳಿಸಿದೆ. ನಾಲ್ಕು ದಿನ ಉತ್ತರ ಬರಲಿಲ್ಲ. ಬರೆಯಲಿಕ್ಕಿಲ್ಲ, ಯಾಕೆ ಬರೆಯಬೇಕು ಎಂದುಕೊಂಡೆ. ಅವಳ ಜಾಗದಲ್ಲಿ ನಾನಿದ್ದರೆ ಬರೆಯುತ್ತಿರಲಿಲ್ಲ. ಐದನೆಯ ದಿನ ಪ್ರಿನ್ಸಿಪಾಲರ ಕೋಣೆಯಿಂದ ಕರೆ ಬಂತು. ಪತ್ರ ಅವರ ಮೇಜಿನ ಮೇಲಿತ್ತು. ನಾನು ಓದಬಾರದ ಪತ್ರ, ಆದರೆ ಅವರು ಅದನ್ನು ನನ್ನ ಕಡೆ ತಿರುಗಿಸಿದರು.

"ಈ ಪುಸ್ತಕ ನನಗೆ ಗ್ರೀಕ್ ಕಲಿಸಿದ ಟೀಚರ್ ಅವರದು. ನಾನೇ ತಂದು ಕೊಟ್ಟದ್ದು. ಇವರು ನಂಬಿಕೆಗೆ ಅರ್ಹರು."

ಅಷ್ಟೇ ಇತ್ತು. ಕೊನೆಯ ವಾಕ್ಯವನ್ನು ಮತ್ತೆ ಓದಿದೆ. ಅದನ್ನು ಎರಡು ರೀತಿ ಓದಬಹುದಿತ್ತು. ಹನ್ನೊಂದು ವರ್ಷದ ಹಿಂದಿನ ಏಟಿಗೆ ಅವಳು ತಿರುಗಿಸಿ ಕೊಟ್ಟ ಪೆಟ್ಟು ಎಂದು ಓದುವುದು ನನ್ನ ಕಸುಬಿಗೆ ಒಪ್ಪುವ ರೀತಿ. ಇನ್ನೊಂದು, ಅವಳು ಬರೆದ ಹಾಗೆಯೇ ಓದುವುದು.

ಪುಸ್ತಕ ತೆಗೆದುಕೊಂಡು ಸೀದಾ ಅಂಚೆ ಕಚೇರಿಗೆ ಹೋದೆ. ಈ ಸಲ ಸುಲಭದ ಪಾಠವನ್ನೇ ನಂಬಿದೆ.